ಮೋನಪ್ಪನ ಹೆಸರಿನ ಕೊಡಲಿ

ಹೋದ ತಿಂಗಳು ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಕೋರ್ಟಿನಲ್ಲಿ ಹೊಸದಾಗಿ ಕೆಲಸ ಸಿಕ್ಕಿದೆಯಂತೆ. "ಮೇಡಂ, ನನಗ ಮುದ್ದೆಮಾಲು ಸೆಕ್ಷನ್ ಕೊಟ್ಟಾರ್ರಿ. ಎಲ್ಲಾರೂ ಪಾಪ ಪಾಪ ಅನ್ಲಿಕತ್ತಾರ. ಅಷ್ಟು ಕೆಟ್ಟದ್ದದ ಏನ್ರಿ ಅದು?" ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕುಳಿತಾಗ ತಿಳಿಯಿತು, ಅವಳಿಗೆ ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ನನ್ನ ತಪ್ಪುಗಳೇ.

ಮುದ್ದೆಮಾಲು ಎಂದರೆ ಕೇಸಿಗೆ ಸಂಬಂಧಪಟ್ಟು ಪೊಲೀಸರು ಜಪ್ತಿ ಮಾಡಿ ಕೋರ್ಟಿಗೆ ಒಪ್ಪಿಸಿದ ವಸ್ತು. ಕೊಲೆಯ ಚಾಕು, ಕಳವಿನ ಸೈಕಲ್, ರಕ್ತದ ಅಂಗಿ, ಕಳ್ಳಭಟ್ಟಿಯ ಕೊಡ, ಎಲ್ಲವೂ ಒಂದು ಕೋಣೆಗೆ ಬರುತ್ತವೆ. ಕೇಸು ಮುಗಿಯುವವರೆಗೆ ಅವುಗಳನ್ನು ಕಾಯುವ ಗುಮಾಸ್ತೆಯಾಗಿದ್ದೆ ನಾನು. ಚಿತ್ತಾಪುರ, ಸೇಡಂ, ಚಿಂಚೋಳಿ ಎಂದು ವರ್ಗವಾದಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಹೋದೆ. ಈಗ ಶಹಾಬಾದಿನಲ್ಲಿ ಮನೆ. ಯಾವ ಊರಿನ ಕೋರ್ಟಿನಲ್ಲಿ ಏನು ನಡೆಯಿತು ಎಂದು ಮಾತ್ರ ಹೇಳುವುದಿಲ್ಲ. ನಿವೃತ್ತಿಯಾದವರು ಹಳೆಯ ಕಚೇರಿಯ ಮಾನ ಕಳೆಯಬಾರದು. ತಮ್ಮ ಮಾನ ಕಳೆದುಕೊಂಡರೆ ಅಡ್ಡಿಯಿಲ್ಲ.

ಸೇರಿದ ಮೊದಲ ತಿಂಗಳಲ್ಲೇ ಒಂದು ಘನಕಾರ್ಯ ಮಾಡಿದೆ. ನಮ್ಮ ಶಿರಸ್ತೇದಾರರು ಖಾಜಾ ಸಾಹೇಬರು, ಕಚೇರಿಯ ನೌಕರರಿಗೆಲ್ಲ ಹಿರಿಯರು. "ಕೋಣೆ ಸ್ವಚ್ಛ ಮಾಡ್ಸು ಬೇಟಿ, ಜಡ್ಜ್ ಸಾಹೇಬರು ನೋಡಾಕ ಬರ್ತಾರ" ಎಂದರು. ನಾನು ನೆಲ ಗುಡಿಸಿದೆ, ಜೇಡರಬಲೆ ತೆಗೆದೆ, ಅಷ್ಟಕ್ಕೆ ನಿಲ್ಲದೆ ಮೂಲೆಯಲ್ಲಿದ್ದ ಎರಡು ಕುಡುಗೋಲನ್ನೂ ಒಂದು ಚಾಕುವನ್ನೂ ಇಟ್ಟಿಗೆ ಪುಡಿ ಹಾಕಿ ತಿಕ್ಕಿ ತಿಕ್ಕಿ ಬೆಳಗಿದೆ. ಕನ್ನಡಿಯ ಹಾಗೆ ಹೊಳೆದವು. ಖಾಜಾ ಸಾಹೇಬರು ಬಂದು ನೋಡಿದವರು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ಏನ್ ಮಾಡಿದಿ ಬೇಟಿ? ಇದು ನಿಮ್ಮ ಅಡಗಿ ಮನಿ ಅಲ್ಲ. ಇಲ್ಲಿ ಹೊಲಸೇ ದೌಲತ್ತು, ಹೊಲಸೇ ಸಾಕ್ಷಿ."

ಪುಣ್ಯಕ್ಕೆ ರಕ್ತದ ಪರೀಕ್ಷೆ ಮೊದಲೇ ಮುಗಿದು ವರದಿ ಬಂದಿತ್ತು. ಆದರೂ ವಿಚಾರಣೆಯ ದಿನ ಆರೋಪಿಯ ವಕೀಲರು ಚಾಕುವನ್ನು ಎತ್ತಿ ಹಿಡಿದು, "ವರದಿಯೊಳಗ ಕಂದು ಕಲೆ ಅಂತದ, ಇದರಾಗ ನನ್ನ ಮೀಸಿ ಕಾಣಸ್ಲಿಕತ್ತದ" ಎಂದಾಗ ಇಡೀ ಕೋರ್ಟು ನಕ್ಕಿತು. ನಾನು ಬೆಂಚಿನ ಹಿಂದೆ ತಲೆತಗ್ಗಿಸಿ ನಿಂತಿದ್ದೆ. ಖಾಜಾ ಸಾಹೇಬರು ನನ್ನ ಮೇಲೆ ವರದಿ ಬರೆಯಲಿಲ್ಲ. ಬದಲಿಗೆ ಒಂದು ವಾರ ಕೋಣೆಯಲ್ಲಿ ಪೊರಕೆ ಮುಟ್ಟಬಾರದೆಂದು ಶಿಕ್ಷೆ ಕೊಟ್ಟರು.

ಇನ್ನೊಂದು ಫರಸಿ ಕಲ್ಲಿನ ಕೇಸು. ಖಣಿಯಿಂದ ಕದ್ದದ್ದೆಂದು ಪೊಲೀಸರು ಒಂದು ಲಾರಿ ಹಾಸುಗಲ್ಲು ತಂದು ಕೋರ್ಟಿನ ಅಂಗಳದಲ್ಲಿ ಒಟ್ಟಿದರು. ಕೋಣೆಯಲ್ಲಿ ಹಿಡಿಯುವಂಥದ್ದಲ್ಲ. ಕೇಸು ವರ್ಷಗಟ್ಟಲೆ ನಡೆಯಿತು. ಕಕ್ಷಿದಾರರು ಆ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದರು, ವಕೀಲರು ಅದರ ಮೇಲೆ ಅರ್ಜಿ ಬರೆದರು, ಯಾರೋ ಪುಣ್ಯಾತ್ಮರು ಒಂದನ್ನು ಒಯ್ದು ನೀರಿನ ನಳದ ಕೆಳಗೆ ಹಾಸಿದರು. ಕೊನೆಗೆ ಮಾಲು ಮಾಲೀಕನಿಗೆ ಕೊಡಿ ಎಂದು ಆದೇಶವಾದಾಗ ಆತ ಬಂದು ಕೈಯಾಡಿಸಿ ನೋಡಿ, "ನಾ ಪಾಲಿಶ್ ಮಾಡ್ಸಿದ್ದಿಲ್ರಿ, ನೀವು ಕುಂತು ಕುಂತು ಪುಕ್ಕಟ್ಟೆ ಮಾಡಿಕೊಟ್ಟೀರಿ" ಎಂದು ಕೈಮುಗಿದ. ನಳದ ಕೆಳಗಿನ ಕಲ್ಲನ್ನು ಕೇಳಲೇ ಇಲ್ಲ. ದೊಡ್ಡ ಮನಸ್ಸಿನವನು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅದಕ್ಕೆ ನಮ್ಮ ಕೋಣೆಯ ಒಂದು ರೂಢಿ ಗೊತ್ತಿರಬೇಕು. ಪ್ರತಿ ವಸ್ತುವಿಗೂ ಕೇಸಿನ ನಂಬರು ಇರುತ್ತದೆ. ಆದರೆ ನಂಬರು ಯಾರ ನಾಲಿಗೆಯಲ್ಲೂ ನಿಲ್ಲುವುದಿಲ್ಲ. ಹಾಗಾಗಿ ವಸ್ತುವನ್ನು ಯಾರ ಕಡೆಯಿಂದ ಜಪ್ತಿ ಮಾಡಿದ್ದಾರೋ ಅವರ ಹೆಸರಿನಿಂದಲೇ ಕರೆಯುತ್ತಿದ್ದೆವು. ಅವನು ಕಳ್ಳನಿರಲಿ, ಕಳಕೊಂಡವನಿರಲಿ, ದಾರಿಯಲ್ಲಿ ಬಿದ್ದದ್ದನ್ನು ಎತ್ತಿ ಕೊಟ್ಟ ಸಂಭಾವಿತನಿರಲಿ, ನಮಗೆ ಎಲ್ಲ ಒಂದೇ. "ಬಸಣ್ಣನ್ನ ಕೆಳಗ ಇಳಸು, ನಾಳಿ ಸುಡಬೇಕು" ಎಂದರೆ ಬಸಣ್ಣನ ಹೊಲದಲ್ಲಿ ಸಿಕ್ಕ ಗಾಂಜಾ ಚೀಲ. ಹೊರಗಿನವರು ಕೇಳಿದರೆ ಎದೆ ಒಡೆದುಕೊಳ್ಳಬೇಕು. ಒಳಗಿದ್ದ ನಾಲ್ಕು ಮಂದಿಗೆ ಮಾತ್ರ ಅದರ ಅರ್ಥ ಗೊತ್ತು. ನಾಲ್ಕೇ ಮಂದಿಗೆ ಗೊತ್ತಿರುವ ರೂಢಿ ಎಷ್ಟು ಅಪಾಯದ್ದು ಎಂದು ನನಗೆ ತಿಳಿಯಲು ಇಡೀ ನೌಕರಿ ಮುಗಿಯಬೇಕಾಯಿತು.

ನಾನು ಸೇರಿ ಎರಡು ವರ್ಷವಾಗಿರಬೇಕು. ಖಣಿ ಕೂಲಿಕಾರರ ಮುಂದಾಳು ದೇವೀಂದ್ರಪ್ಪ ಎಂಬವರು ಚುನಾವಣೆಗೆ ನಿಂತಿದ್ದರು. ಕಲ್ಲು ಒಡೆಯುವವರು ತಮ್ಮಲ್ಲೇ ಒಬ್ಬನನ್ನು ನಿಲ್ಲಿಸಿದ್ದು ಅದೇ ಮೊದಲು. ಪ್ರಚಾರ ಮುಗಿಸಿ ರಾವೂರ ಕಡೆಯಿಂದ ನಡೆದು ಬರುವಾಗ ಸಂಜೆ ಹೊತ್ತಿನಲ್ಲಿ ಇಬ್ಬರು ಅವರನ್ನು ಕೊಡಲಿಯಿಂದ ಕಡಿದು ಕೊಂದರು. ಕೊಂದವರಿಗೂ ಅವರಿಗೂ ಹೊಲದ ತಕರಾರಿಲ್ಲ, ಮನೆಯ ಜಗಳವಿಲ್ಲ. ಆರಿಸಿ ಬರಬಾರದು ಎಂಬುದೊಂದೇ ಕಾರಣ. ಮೂರು ದಿನ ಖಣಿಗಳಲ್ಲಿ ಸುತ್ತಿಗೆಯ ಸದ್ದು ಕೇಳಲಿಲ್ಲ.

ಕಣ್ಣಾರೆ ಕಂಡವರು ಇದ್ದರು, ಆದರೆ ಎಲ್ಲರೂ ಒಬ್ಬೊಬ್ಬರಾಗಿ ತಿರುಗಿಬಿದ್ದರು. ಕೇಸು ನಿಂತದ್ದು ಕಂಬಾರ ಮೋನಪ್ಪ ಎಂಬ ಒಬ್ಬ ಸಾಕ್ಷಿಯ ಮೇಲೆ. ಕೊಲೆಯ ಮರುದಿನ ಬೆಳಗ್ಗೆ ಆರೋಪಿಗಳಲ್ಲಿ ಒಬ್ಬ ಅವರ ಕುಲುಮೆಗೆ ಬಂದು ಕೊಡಲಿ ಕೊಟ್ಟು, ಮರದ ಕಾವು ಸೀಳಿದೆ, ಬೇರೆ ಹಿಡಿ ಹಾಕಿಡು, ಸಂಜೆ ಬರುತ್ತೇನೆ ಎಂದು ಹೋಗಿದ್ದ. ಮೇಲೆ ತೊಳೆದು ಶುಭ್ರ ಮಾಡಿದ್ದ. ಮೋನಪ್ಪ ಹಳೆಯ ಕಾವನ್ನು ಬಡಿದು ಹೊರಗೆ ತೆಗೆದರೆ, ಅದು ಕೂರುವ ತೂತಿನೊಳಗೆ ರಕ್ತ ಹೆಪ್ಪುಗಟ್ಟಿತ್ತು. ಅವರು ಒಲೆ ಆರಿಸಿದರು, ಪೊಲೀಸರಿಗೆ ಹೇಳಿ ಕಳಿಸಿದರು. ಪೊಲೀಸರು ಕುಲುಮೆಗೇ ಬಂದು ಪಂಚನಾಮೆ ಮಾಡಿ ಕೊಡಲಿಯನ್ನು ಜಪ್ತಿ ಮಾಡಿದರು.

ವಿಚಾರಣೆಯಲ್ಲಿ ಕೊಡಲಿಯನ್ನು ಒಯ್ದು ಸಾಕ್ಷಿಕಟ್ಟೆಯ ಮೇಲೆ ಇಟ್ಟವಳು ನಾನೇ. ಮೋನಪ್ಪ ಕೇಳಿದಷ್ಟಕ್ಕೆ ಉತ್ತರ ಹೇಳಿದರು. ಆರೋಪಿಯ ವಕೀಲರು ಎಷ್ಟು ಜಗ್ಗಾಡಿದರೂ ಮಾತು ಬದಲಿಸಲಿಲ್ಲ. ಹೊರಗೆ ಅವರನ್ನು ನುಂಗುವ ಹಾಗೆ ನೋಡುತ್ತ ಒಂದು ಗುಂಪು ನಿಂತಿತ್ತು. ಅವರು ಆ ಗುಂಪಿನ ನಡುವೆಯೇ ಹಾದು ಬಸ್ಸು ಹಿಡಿಯಲು ಹೋದರು. ಆರೋಪಿಗಳಿಬ್ಬರಿಗೂ ಶಿಕ್ಷೆಯಾಯಿತು, ಅಪೀಲಿನಲ್ಲೂ ಉಳಿಯಿತು. ಕೊಡಲಿ ನಮ್ಮ ಕೋಣೆಗೆ ವಾಪಸು ಬಂದು ಅಟ್ಟದ ಮೇಲೆ ಸೇರಿತು.

ನಾಶ ಮಾಡಬೇಕೆಂದು ಆದೇಶವಿತ್ತು. ಆದರೆ ನಾಶದ ಕೆಲಸಕ್ಕೆ ಕಮಿಟಿ ಕೂಡಬೇಕು, ಕಮಿಟಿ ಕೂಡಲು ಎಲ್ಲರೂ ಒಂದೇ ದಿನ ರಜೆ ಹಾಕದಿರಬೇಕು. ವರ್ಷಗಳು ಉರುಳಿದವು. ನಾನು ಎರಡು ಊರು ತಿರುಗಿ ಮತ್ತೆ ಅದೇ ಕೋಣೆಗೆ ಬಂದೆ. ಖಾಜಾ ಸಾಹೇಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಹಳೆಯ ಚೀಟಿಗಳನ್ನು ಹುಳು ತಿಂದಿತ್ತು. ತಪಾಸಣೆ ಇದೆ ಎಂದು ಮೇಲಿನವರು ಅವಸರ ಮಾಡಿದರು. ಒಂದೇ ವಾರದಲ್ಲಿ ಇಡೀ ಕೋಣೆಯ ಚೀಟಿಗಳನ್ನು ಹೊಸದಾಗಿ ಬರೆದೆ. ಹಳೆಯ ಚೀಟಿಯಲ್ಲಿ ಎಲ್ಲಿ, ಯಾವಾಗ, ಯಾರ ಕಡೆಯಿಂದ, ಯಾವ ಪಂಚರ ಎದುರು ಎಂದು ಉದ್ದಕ್ಕೆ ಇರುತ್ತಿತ್ತು. ನಾನು ರಟ್ಟಿನ ತುಂಡುಗಳ ಮೇಲೆ ನಂಬರು, ವಸ್ತು, ಹೆಸರು, ಇಷ್ಟೇ ಬರೆದು ದಾರ ಕಟ್ಟಿದೆ. ಆ ಕೊಡಲಿಯ ಮೇಲೆ ಬರೆದದ್ದು, "ಕೊಡಲಿ, ಕಂಬಾರ ಮೋನಪ್ಪ." ಚಂದ ಅಕ್ಷರ ಎಂದು ಜಡ್ಜ್ ಸಾಹೇಬರು ಹೊಗಳಿದರು. ನನಗೂ ಖುಷಿಯಾಯಿತು.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ವೀರೇಶ ಎಂಬ ಕಾಲೇಜು ಮೇಷ್ಟ್ರು ಕೋರ್ಟಿಗೆ ಬಂದರು. ದೇವೀಂದ್ರಪ್ಪನವರ ಸ್ಮಾರಕ ಸಮಿತಿಯ ಕಾರ್ಯದರ್ಶಿ. ವಾಡಿಯ ಹತ್ತಿರ ಒಂದು ಭವನ ಕಟ್ಟುತ್ತಿದ್ದರು. ಕೊಡಲಿಯನ್ನು ನಾಶ ಮಾಡದೆ ಪ್ರದರ್ಶನಕ್ಕೆ ಕೊಡಿ ಎಂದು ಅರ್ಜಿ ಹಾಕಿದ್ದರು, ಕೋರ್ಟು ಒಪ್ಪಿತು.

ಕೋಣೆಗೆ ಬಂದವರು ಅಟ್ಟ ನೋಡಿ ತಬ್ಬಿಬ್ಬಾದರು. ಅಲ್ಲಿ ಹನ್ನೆರಡೋ ಹದಿಮೂರೋ ಕೊಡಲಿಗಳಿದ್ದವು. ಒಂದು ಬದುವಿನ ಜಗಳದ್ದು, ಒಂದು ಅಣ್ಣತಮ್ಮಂದಿರದು, ಒಂದು ಮಾವಿನ ಗಿಡ ಕಡಿದದ್ದು. "ಇದರಾಗ ಐತಿಹಾಸಿಕ ಯಾವದ್ರಿ ಮೇಡಂ?" ಎಂದರು. ಆ ಮಾತು ಕೇಳಿ ನಗು ಬಂದರೂ ಆಮೇಲೆ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ಕಬ್ಬಿಣಕ್ಕೆ ಇತಿಹಾಸ ಇರುವುದಿಲ್ಲ. ಹೊಲದ ಬದುವಿಗಾಗಿ ಸತ್ತ ರೈತನ ರಕ್ತವೂ ಅಷ್ಟೇ ಕೆಂಪಗಿತ್ತು. ದೇವೀಂದ್ರಪ್ಪನವರು ಬದುಕಿದ್ದರೆ ಖಣಿಯ ಮಂದಿಯ ಹಣೆಬರಹ ಬೇರೆಯಾಗುತ್ತಿತ್ತು ಎಂದು ಮಂದಿ ಇವತ್ತಿಗೂ ಹೇಳುತ್ತಾರಲ್ಲ, ಅದಕ್ಕೆ ಈ ಕೊಡಲಿ ಇತಿಹಾಸದ್ದು. ಉಳಿದವು ಗುಜರಿಯವು. ಯಾವುದು ಯಾವುದೆಂದು ನೋಡುವವರಿಗೆ ಹೇಳುವುದು ನಾವು ಕಟ್ಟಿದ ಚೀಟಿ ಮಾತ್ರ.

ಇಷ್ಟೆಲ್ಲ ಯೋಚಿಸಿದ್ದು ಆಮೇಲೆ. ಆವತ್ತು ನಾನು ಮಾಡಿದ್ದು ಜವಾನನಿಗೆ, "ಮೋನಪ್ಪನ್ನ ಇಳಸಪ್ಪ" ಎಂದು ಕೂಗಿ ಹೇಳಿದ್ದು. ಅವನು ಇಳಿಸಿದ. ವೀರೇಶ ಮೇಷ್ಟ್ರು ಸಹಿ ಮಾಡಿದರು, ಚೀಟಿಯ ಸಮೇತ ಫೋಟೊ ತೆಗೆದರು, ಕೊಡಲಿಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಒಯ್ದರು. ಮೋನಪ್ಪ ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಕೇಳದಿದ್ದದ್ದಕ್ಕೆ ನೆಪವಿದೆ. ಮೋನಪ್ಪನವರ ಸಾಕ್ಷ್ಯವನ್ನು ಕಿವಿಯಾರೆ ಕೇಳಿದ್ದ ನನಗೆ ಯಾವ ನೆಪವೂ ಇಲ್ಲ.

ನಿವೃತ್ತಿಯಾಗಿ ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಮುದುಕರು ನಿಂತಿದ್ದರು. ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಮೋನಪ್ಪ.

"ಒಳಗ ಬರ್ರಿ ಕಾಕಾ, ಕುಂದ್ರಿ" ಎಂದೆ. ಅವರು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ಕುಳಿತು, ಕೈಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು.

"ಯವ್ವಾ, ಆ ಕೊಡ್ಲಿ ಕಾದವರು ನೀವಂತ ಕೋರ್ಟಿನ್ಯಾಗ ಹೇಳಿ ಕಳಿಸ್ಯಾರ. ದೇವೀಂದ್ರಪ್ಪನ್ನ ಕೊಲ್ಲಾಕಂತ ನಾ ಕೊಡ್ಲಿ ಮಾಡಿಕೊಟ್ಟೀನಂತ ಇದರಾಗ ಬರ್ದಾರಂತ. ಸಾಲ್ಯಾಗ ಪುಕ್ಕಟ್ಟೆ ಹಂಚ್ಯಾರ. ಮೊಮ್ಮಗಳು ಓದಿ ಅಳ್ಕೋತ ಬಂದ್ಲು. ಖರೇನ ಬರ್ದಾರೇನು, ನೋಡಿ ಹೇಳ್ರಿ. ನನಗ ಓದಾಕ ಬರಂಗಿಲ್ಲ."

ಓದಿದೆ. ಬರೆದಿದ್ದರು. 'ಕೋರ್ಟಿನ ದಾಖಲೆಯ ಪ್ರಕಾರ ಈ ಕೊಡಲಿ ಕಂಬಾರ ಮೋನಪ್ಪನದು' ಎಂದು ಶುರುವಾಗಿ, ಹಂತಕರ ಜೊತೆ ಸೇರಿ ಕೊಲೆಗೆಂದೇ ಅದನ್ನು ತಯಾರಿಸಿದವನು ಎಂಬಲ್ಲಿಗೆ ಮುಟ್ಟಿತ್ತು. ಪಕ್ಕದಲ್ಲಿ ಫೋಟೊ. ಫೋಟೊದಲ್ಲಿ ನನ್ನ ಚಂದದ ಅಕ್ಷರ.

ಅವರ ಮಗ ವಾಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಖಣಿಯ ಮಂದಿ ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದರು. ಹಳಬರಿಗೆ ಸತ್ಯ ಗೊತ್ತಿತ್ತು, ಆದರೆ ಹಳಬರು ಎಷ್ಟು ಮಂದಿ ಉಳಿದಿದ್ದಾರೆ? ಕಲ್ಲಿನ ಧೂಳು ಯಾರನ್ನೂ ಬಹಳ ದಿನ ಬಿಡುವುದಿಲ್ಲ.

"ಇದು ನನ್ನ ತಪ್ಪು ಕಾಕಾ. ಈ ಚೀಟಿ ನಾನೇ ಬರದದ್ದು" ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. "ಮುಂದಿನ ತಿಂಗಳು ಭವನ ಚಾಲೂ ಮಾಡ್ತಾರಂತ. ಕಾಜಿನ ಪೆಟ್ಟಿಗ್ಯಾಗ ನನ್ನ ಹೆಸರಿಡ್ತಾರಂತ. ನಾ ಸಾಯೂದ್ರಾಗ ಅದೊಂದು ನೆಟ್ಟಗ ಮಾಡ್ಸಿಬಿಡ್ರಿ" ಎಂದಷ್ಟೇ ಹೇಳಿ ಎದ್ದರು.

ಮರುದಿನವೇ ವೀರೇಶ ಮೇಷ್ಟ್ರ ಮನೆಗೆ ಹೋದೆ. ಅವರು ಕೆಟ್ಟವರಲ್ಲ. ಆದರೆ ಪಟ್ಟು ಬಿಡಲಿಲ್ಲ.

"ಮೇಡಂ, ನಾ ಕಟ್ಟುಕತಿ ಬರ್ದಿಲ್ರಿ. ಕೋರ್ಟಿನ ಚೀಟಿ ಮ್ಯಾಲ ಹೆಸರದ. ಕೋರ್ಟಿಗಿಂತ ದೊಡ್ಡ ದಾಖಲೆ ಯಾವದದ, ನೀವೇ ಹೇಳ್ರಿ."

"ಆ ಚೀಟಿ ಕೋರ್ಟಿಂದಲ್ರಿ ಸರ್, ನಂದು" ಎಂದೆ.

ನಮ್ಮ ಕೋಣೆಯ ರೂಢಿಯನ್ನು ಬಿಡಿಸಿ ಹೇಳಿದೆ. ಕೇಳಿ ಅವರ ಮುಖ ಬಿಳಚಿಕೊಂಡಿತು. ಆದರೂ ಸಮಿತಿಯ ಎದುರು ಇಡಲು ಏನಾದರೂ ಆಧಾರ ಬೇಕೆಂದರು. ಅದು ನ್ಯಾಯವೇ. ನನ್ನ ಚೀಟಿಯನ್ನು ನಂಬಿ ಒಂದು ಸಲ ಕೆಟ್ಟಿದ್ದರಲ್ಲ.

ಹಳೆಯ ಕಚೇರಿಗೆ ಹೋಗಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ನಕಲಿಗೆ ಅರ್ಜಿ ಕೊಟ್ಟೆ. ಸಾಕ್ಷಿಗಳ ಹೇಳಿಕೆಯ ಕಾಗದಗಳನ್ನು ಅವಧಿ ಮುಗಿದದ್ದಕ್ಕೆ ಎಂದೋ ಸುಟ್ಟಿದ್ದರು. ತೀರ್ಪು ಮಾತ್ರ ಉಳಿದಿತ್ತು. ತೀರ್ಪಿನಲ್ಲಿ ಸಾಕ್ಷಿಗೆ ಹೆಸರಿರುವುದಿಲ್ಲ, 'ಏಳನೇ ಸಾಕ್ಷಿ' ಎಂದಷ್ಟೇ ಇರುತ್ತದೆ. ಎಲ್ಲರೂ ತಿರುಗಿಬಿದ್ದ ಕೇಸಿನಲ್ಲಿ ಏಳನೇ ಸಾಕ್ಷಿಯೊಬ್ಬರನ್ನೇ ನಂಬಬಹುದು ಎಂದು ಜಡ್ಜ್ ಸಾಹೇಬರು ಒಂದು ಪುಟ ಬರೆದಿದ್ದರು. ಕೊನೆಯ ಹಾಳೆಯ ಪಟ್ಟಿಯಲ್ಲಿ ಏಳನೆಯ ಹೆಸರು ಮೋನಪ್ಪ. ನಕಲು ಕೈಗೆ ಬಂದಾಗ ಕೋರ್ಟಿನ ಮೆಟ್ಟಿಲ ಮೇಲೆಯೇ ಕುಳಿತು ಅತ್ತೆ. ಮೂವತ್ತು ವರ್ಷದ ನೌಕರಿಯಲ್ಲಿ ಅಲ್ಲಿ ಅತ್ತವಳಲ್ಲ.

ಸಮಿತಿಯವರು ಒಪ್ಪಿದರು. ಪುಸ್ತಕ ವಾಪಸು ತರಿಸಿಕೊಂಡರು. ಶಾಲೆಗೆ ಹೋಗಿ ವೀರೇಶ ಮೇಷ್ಟ್ರೇ ಮಕ್ಕಳ ಮುಂದೆ ತಪ್ಪಾಯಿತೆಂದು ಹೇಳಿ ಬಂದರು. ಪೆಟ್ಟಿಗೆಯ ಮೇಲಿನ ಹೊಸ ಫಲಕಕ್ಕೆ ಏನು ಬರೆಯಬೇಕೆಂದು ನೀವೇ ಬರೆದುಕೊಡಿ ಎಂದರು. ಕೂತು, ತಿದ್ದಿ, ಮತ್ತೆ ತಿದ್ದಿ ಬರೆದೆ: 'ಈ ಕೊಡಲಿಗೂ ಕಂಬಾರ ಮೋನಪ್ಪನವರಿಗೂ ಯಾವ ಸಂಬಂಧವೂ ಇರಲಿಲ್ಲ. ಜೀವಭಯವನ್ನು ಲೆಕ್ಕಿಸದೆ ಇದನ್ನು ಕಾನೂನಿಗೆ ಒಪ್ಪಿಸಿದ ಸಾಕ್ಷಿ ಅವರು.' ಅದನ್ನೇ ಅಚ್ಚು ಹಾಕಿಸಿದರು.

ಭವನ ತೆರೆಯುವ ಹಿಂದಿನ ದಿನ ಬೆಳಗ್ಗೆ ಮೋನಪ್ಪ ಕಾಕಾರನ್ನು ಕರೆಸಿದೆವು. ಒಳಗೆ ಇನ್ನೂ ಬಣ್ಣದ ವಾಸನೆಯಿತ್ತು. ನಾವು ಮೂವರೇ ಇದ್ದೆವು. ಅವರು ಗಾಜಿನ ಹತ್ತಿರ ಹೋಗಿ ಬಹಳ ಹೊತ್ತು ಕೊಡಲಿ ನೋಡಿದರು. ಆಮೇಲೆ ಫಲಕ ತೋರಿಸಿ, "ಏನ್ ಬರ್ದದ, ಓದ್ರಿ ಯವ್ವಾ" ಎಂದರು. ಗಟ್ಟಿಯಾಗಿ ಓದಿದೆ.

"ಇನ್ನೊಮ್ಮಿ ಓದ್ರಿ."

ಓದಿದೆ.

"ಸಂಬಂಧ ಇದ್ದಿಲ್ಲಂತ ನಿಮಗ ಯಾರು ಹೇಳಿದ್ರು?"

ನಾನು ಚೀಲದಲ್ಲಿದ್ದ ತೀರ್ಪಿನ ನಕಲಿಗೆ ಕೈ ಹಾಕಿದೆ.

"ಈ ಕೊಡ್ಲಿ ಬಡದವ ನಾನೇ" ಎಂದರು. "ಕೊಲಿಗಿಂತ ಎರಡು ವರ್ಷ ಮೊದಲ, ಕಾವು ಸೀಳ್ಯದಂತ ತಂದನಲ್ಲ, ಆ ಹುಡುಗನೇ ಕಟಗಿ ಒಡಿಲಿಕ್ಕ ಬೇಕಂತ ಹೇಳಿ ಮಾಡಿಸ್ಕೊಂಡು ಹೋಗಿದ್ದ. ಕೋರ್ಟಿನಾಗ ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ. ಬ್ಯಾರೆ ಕಂಬಾರನ ಕೆಲಸ ಆಗಿದ್ರ ಕಾವು ಹಾಕಿ ಕೊಟ್ಟು ಸುಮ್ನ ಕುಂದ್ರತಿದ್ನೋ ಏನೋ. ನನಗೂ ಹೆಂಡ್ತಿ ಮಕ್ಕಳಿದ್ರು, ಭಾಳ ಅಂಜಿಕಿ ಇತ್ತು. ನನ್ನ ಕೈಯಿಂದ ಹೋದದ್ದು ರಕ್ತ ಹತ್ತಿಸ್ಕೊಂಡು ನನ್ನ ಕೈಗೇ ಬಂತಲ್ಲ, ತಡಕೊಳ್ಳಾಕ ಆಗಲಿಲ್ಲ."

ವೀರೇಶ ಮೇಷ್ಟ್ರು ಮೆಲ್ಲಗೆ, "ಕಾಕಾ, ಇದು ಬರದ್ರ ಮಂದಿ ಮತ್ತ ಅದನ್ನೇ ಹಿಡ್ಕೋತಾರ. ಈಗ ಬರ್ದದ್ದೇ ಛಲೋ ಅದ" ಎಂದರು.

"ಹಿಡ್ಕೊಳ್ಳಲಿ ಬಿಡ್ರಿ. ಕಟಗಿಗಂತ ಬಡದವ ಮೋನಪ್ಪ, ರಕ್ತ ನೋಡಿ ಹಿಡದು ಕೊಟ್ಟವನೂ ಮೋನಪ್ಪ. ಎರಡೂ ಬರೀರಿ. ಒಂದಾ ಬರದ್ರ ಅದೂ ಸುಳ್ಳೇ ಆಗ್ತದ."

ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಈ ಮನುಷ್ಯನ ಬಗ್ಗೆ ನಾನು ಎರಡು ಸಲ ಬರೆದಿದ್ದೆ. ಮೊದಲ ಸಲ ಅವಸರದಲ್ಲಿ, ಎರಡನೆಯ ಸಲ ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ. ಎರಡು ಸಲವೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ನನ್ನ ಮನೆ ಬಾಗಿಲಿಗೆ ಬಂದು ಕುಳಿತಿದ್ದರು, ಆಗಲೂ ಕೇಳಿರಲಿಲ್ಲ.

ಮೇಷ್ಟ್ರು ಗಾಜಿನ ಪೆಟ್ಟಿಗೆಯ ಮೇಲಿಂದ ಫಲಕ ಕಳಚಿದರು. ನಾನು ಅವರ ಜೇಬಿನ ಪೆನ್ನು ಇಸಿದುಕೊಂಡು, ಫಲಕವನ್ನು ಬೋರಲು ಹಾಕಿ, ಹೊಸ ಫರಸಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ.

"ನೀವು ಹೇಳ್ರಿ ಕಾಕಾ, ನಾ ಬರೀತೀನಿ" ಎಂದೆ.

ಅವರು ನನ್ನ ಎದುರು ಕುಳಿತು, ಗಂಟಲು ಸರಿಮಾಡಿಕೊಂಡು, ಹೇಳತೊಡಗಿದರು.